ಹದಿನಾಲ್ಕು ಗ್ರೂಪು, ಒಂದು ಗೈರು

ಮೂರು ವರ್ಷದಿಂದ ನಾನು ಒಂದು ನೋಟ್‌ಬುಕ್ ಬರೆಯುತ್ತಿದ್ದೇನೆ. ಪ್ರತಿ ಪುಟಕ್ಕೂ ಸ್ಕೇಲು ಹಿಡಿದು ನಾಲ್ಕು ಗೆರೆ ಎಳೆಯುತ್ತೇನೆ, ಐದು ಅಂಕಣಗಳಾಗುತ್ತವೆ. ಮೊದಲನೆಯದು ತಾರೀಖು. ಎರಡನೆಯದು ಆ ದಿನ ತೆಗೆದುಕೊಂಡ ಪೀರಿಯಡ್ಡುಗಳು. ಮೂರನೆಯದು ಕಾಲೇಜಿನ ಹೊತ್ತಿನಲ್ಲಿ ಫೋನನ್ನು ಎಷ್ಟು ಸಲ ಕೈಗೆತ್ತಿಕೊಂಡೆ ಎಂಬುದು. ನಾಲ್ಕನೆಯದು ಫೋನಿನ ಗ್ರೂಪುಗಳಲ್ಲಿ ಎಷ್ಟು ಸಲ ಕೈಮುಗಿದೆ ಎಂಬುದು. ಐದನೆಯದು ‘ಇತರೆ’. ದಿನವೆಲ್ಲ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡು ಅದರ ಮೇಲೆ ಗೀಟು ಹಾಕುತ್ತೇನೆ. ನಾಲ್ಕು ಗೀಟಿನ ಮೇಲೆ ಐದನೆಯದನ್ನು ಅಡ್ಡ ಎಳೆಯುತ್ತೇನೆ. ಸಂಜೆ ಅದನ್ನು ನೋಟ್‌ಬುಕ್ಕಿಗೆ ಇಳಿಸುತ್ತೇನೆ.

ಈ ಅಭ್ಯಾಸ ಹತ್ತಿದ್ದು ಮನೆಯಲ್ಲಿ. ನಮ್ಮದು ಸೂಲಿಬೆಲೆಯ ಹತ್ತಿರದ ಹಳ್ಳಿ. ಅಮ್ಮ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಎಷ್ಟು ಲೀಟರು, ಫ್ಯಾಟು ಎಷ್ಟು ಬಂತು ಎಂದು ಕಾರ್ಡಿನಲ್ಲಿ ಬರೆಯುವ ಕೆಲಸ ನನ್ನದಾಗಿತ್ತು. ಒಂದು ದಿನ ಬರೆಯದೆ ಬಿಟ್ಟರೆ ಆವತ್ತು ಹಸು ಹಾಲೇ ಕೊಡಲಿಲ್ಲವೇನೋ ಅನ್ನಿಸುತ್ತಿತ್ತು. ಈಗಲೂ ಹಾಗೇ. ಬರೆಯದಿದ್ದದ್ದು ನಡೆದಿಲ್ಲ ಅನ್ನಿಸುತ್ತದೆ. ಬರೆದಿಟ್ಟರೆ ಎಲ್ಲವೂ ಕೈಯಲ್ಲಿ ಇರುತ್ತದೆ ಎಂದುಕೊಂಡಿದ್ದೆ. ಇರುವುದಿಲ್ಲ ಎಂದು ಗೊತ್ತಾಗಿದ್ದು ಹೋದ ವರ್ಷ.

ನಾನು ದೊಡ್ಡಬಳ್ಳಾಪುರದ ಕಡೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ವರ್ಷವರ್ಷವೂ ಹೊಸ ಪಟ್ಟಿ ಬರುತ್ತದೆ, ಅದರಲ್ಲಿ ಹೆಸರಿದ್ದರೆ ಪಾಠ, ಇಲ್ಲದಿದ್ದರೆ ಇಲ್ಲ. ಬಿ.ಕಾಂ. ಕೊನೆಯ ವರ್ಷದವರಿಗೆ ಸಂಖ್ಯಾಶಾಸ್ತ್ರ ಹೇಳುತ್ತೇನೆ. ದಿನಾ ಬೈಕಿನಲ್ಲಿ ದೇವನಹಳ್ಳಿ ಮೇಲೆ ಹೋಗಿ ಬರುತ್ತೇನೆ.

ಸೇರಿದ ಮೊದಲ ವಾರವೇ ನನ್ನನ್ನು ಹದಿನಾಲ್ಕು ಗ್ರೂಪುಗಳಿಗೆ ಸೇರಿಸಿದರು. ಕಾಲೇಜಿನ ಗ್ರೂಪು, ವಿಭಾಗದ ಗ್ರೂಪು, ಪರೀಕ್ಷೆಯದು, ಪ್ರವೇಶಾತಿಯದು, ವಿದ್ಯಾರ್ಥಿವೇತನದ್ದು, ಕ್ರೀಡೆಯದು, ಒಂದೊಂದು ತರಗತಿಗೆ ಒಂದೊಂದು. ಹುಟ್ಟುಹಬ್ಬಕ್ಕೆಂದು ಬೇರೆ ಗ್ರೂಪು ಮಾಡಿದ್ದರು, ಆದರೂ ಕೇಕುಗಳು ಎಲ್ಲ ಗ್ರೂಪಿಗೂ ಬರುತ್ತಿದ್ದವು. ಆದೇಶ, ಸುತ್ತೋಲೆ, ವೇಳಾಪಟ್ಟಿ ಯಾವುದೂ ಈಗ ನೋಟಿಸ್ ಬೋರ್ಡಿಗೆ ಬರುವುದಿಲ್ಲ. ಎಲ್ಲ ಅಲ್ಲೇ, ಶುಭೋದಯದ ಗುಲಾಬಿ ಹೂವಿನ ಕೆಳಗೆ, ಇನ್ಯಾರದೋ ಮದುವೆ ವಾರ್ಷಿಕೋತ್ಸವದ ಮೇಲೆ.

ನಮ್ಮ ಪ್ರಾಂಶುಪಾಲರದು ಒಂದು ನಿಯಮವಿತ್ತು. ಅವರು ಏನು ಹಾಕಿದರೂ ಒಂದು ಗಂಟೆಯೊಳಗೆ ಎಲ್ಲರೂ ಕೈಮುಗಿದ ಚಿಹ್ನೆ ಹಾಕಬೇಕು. “ನೀವು ನೋಡಿದ್ದೀರಿ ಅಂತ ನಂಗೆ ಹೆಂಗ್ರೀ ಗೊತ್ತಾಗ್ಬೇಕು?” ಅನ್ನುತ್ತಿದ್ದರು. ಹಾಕದವರ ಹೆಸರನ್ನು ಶನಿವಾರದ ಸಭೆಯಲ್ಲಿ ಓದುತ್ತಿದ್ದರು. ಕಾಯಂ ನೌಕರಿಯವರು ನಕ್ಕು ಸುಮ್ಮನಾಗುತ್ತಿದ್ದರು. ಅತಿಥಿಗಳಾದ ನಮಗೆ ಆ ನಗು ಬರುತ್ತಿರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರಿಗೆ ನಿವೃತ್ತಿಗೆ ಎರಡು ವರ್ಷ ಬಾಕಿ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ಇರುತ್ತಿದ್ದರು. ನಾನು ಮೊದಮೊದಲು ಪ್ರತಿ ಮೆಸೇಜನ್ನೂ ಪೂರ್ತಿ ಓದಿ ಉತ್ತರ ಬರೆಯುವುದನ್ನು ನೋಡಿ ಒಂದು ದಿನ ಹೇಳಿದರು.

“ಏನಪ್ಪಾ, ಓದ್ತಾ ಕೂತಿದ್ದೀಯಲ್ಲ. ಮೊದ್ಲು ಕೈಮುಗಿ, ಆಮೇಲ್ ಓದು. ದೇವಸ್ಥಾನದಲ್ಲಿ ಮಂತ್ರ ಎಲ್ಲಾ ಅರ್ಥ ಆದ್ಮೇಲೆ ಕೈಮುಗೀತೀಯೇನು?”

ಪಕ್ಕದಲ್ಲಿದ್ದ ನೆಲಮಂಗಲದ ಗೆಳೆಯ, ಅವನೂ ಅತಿಥಿಯೇ, ಇಂಗ್ಲಿಷ್ ಹೇಳುವವನು, ಜೋರಾಗಿ ನಕ್ಕ. “ಗುರು, ಮೊನ್ನೆ ನಾನು ನಂಗೆ ಜ್ವರ, ರಜಾ ಬೇಕು ಅಂತ ಹಾಕಿದ್ನಲ್ಲ, ಅದಕ್ಕೆ ಇಬ್ರು ಚಪ್ಪಾಳೆ ಹೊಡ್ದವ್ರೆ ಕಣೋ.”

ಆ ವಾರದಿಂದ ನಾನೂ ಮೊದಲು ಕೈಮುಗಿಯತೊಡಗಿದೆ. ನೋಟ್‌ಬುಕ್ಕಿನ ನಾಲ್ಕನೆಯ ಅಂಕಣ ಶುರುವಾಗಿದ್ದು ಆಗ.

ಎಲ್ಲವನ್ನೂ ಮೇಲಿನವರ ಮೇಲೆ ಹಾಕಿದರೆ ಸುಳ್ಳಾಗುತ್ತದೆ. ಎರಡನೆಯ ವರ್ಷ ಸಾಮಾಜಿಕ ಜಾಲತಾಣದಲ್ಲಿರುವ ಕಾಲೇಜಿನ ಪೇಜಿನ ಹೊಣೆ ನನಗೆ ಕೊಟ್ಟರು. “ನಿಮ್ ವಯಸ್ನೋರ್ಗೆ ಇದೆಲ್ಲ ಸಲೀಸು” ಎಂದರು ಪ್ರಾಂಶುಪಾಲರು. ಏನೇ ನಡೆದರೂ ಬ್ಯಾನರು ಕಾಣುವ ಹಾಗೆ ಫೋಟೋ ತೆಗೆಯಬೇಕು, ಫೋಟೋದ ಕೆಳಗೆ ಸ್ಥಳ, ಸಮಯ ಮೂಡಬೇಕು, ಒಂದು ಗಂಟೆಯೊಳಗೆ ಪೇಜಿಗೆ ಹೋಗಬೇಕು, ಅದರ ಲಿಂಕು ಗ್ರೂಪಿಗೆ ಬರಬೇಕು. ಮೊದಲು ಗೊಣಗುತ್ತಾ ಮಾಡಿದೆ. ಒಂದು ತಿಂಗಳಾದ ಮೇಲೆ ರುಚಿ ಹತ್ತಿತು. ಯಾವ ಫೋಟೋಕ್ಕೆ ಎಷ್ಟು ಹೃದಯದ ಗುರುತು ಬಂತು ಎಂದು ನೋಡುವುದಕ್ಕೆ ಪಾಠದ ನಡುವೆ ಬೋರ್ಡಿನ ಕಡೆ ತಿರುಗಿದಾಗಲೂ ಫೋನು ತೆಗೆಯುತ್ತಿದ್ದೆ. ಮಕ್ಕಳಿಗೆ ಬೆನ್ನು ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ಹಾಗೆಂದು ನಾನಂದುಕೊಂಡಿದ್ದೆ.

ನೋಟ್‌ಬುಕ್ಕಿನಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಮೊದಲ ವರ್ಷ ಒಂದು ದಿನಕ್ಕೆ ಇಪ್ಪತ್ತರ ಆಸುಪಾಸಿನಲ್ಲಿದ್ದ ಮೂರನೆಯ ಅಂಕಣ ಎರಡನೆಯ ವರ್ಷ ಐವತ್ತು ದಾಟಿತು. ಎರಡನೆಯ ಅಂಕಣದಲ್ಲಿ ಪೀರಿಯಡ್ಡುಗಳ ಸಂಖ್ಯೆಯ ಪಕ್ಕ ‘ಅರ್ಧ’ ಎಂಬ ಪದ ಬರತೊಡಗಿತು. ಸಹಸಂಬಂಧದ ಅಧ್ಯಾಯಕ್ಕೆ ಮೊದಲ ವರ್ಷ ಒಂಬತ್ತು ಪೀರಿಯಡ್ಡು ಕೊಟ್ಟಿದ್ದೆ, ಎರಡನೆಯ ವರ್ಷ ಐದಕ್ಕೆ ಮುಗಿಸಿದೆ. ಎಲ್ಲವನ್ನೂ ಎಣಿಸಿ ಬರೆದಿದ್ದೆ. ಎಣಿಸಿದ್ದಕ್ಕೆ ಫೋನು ಮುಟ್ಟುವುದು ಒಂದು ಸಲವೂ ಕಡಿಮೆಯಾಗಲಿಲ್ಲ.

ಆ ವಿದ್ಯಾರ್ಥಿನಿ ನನಗೆ ಪರಿಚಯವಾದದ್ದೂ ಎಣಿಕೆಯಿಂದಲೇ. ಹೋದ ವರ್ಷ ಸರಾಸರಿಯ ಪಾಠಕ್ಕೆ ಇಡೀ ತರಗತಿಗೆ ಒಂದು ವಾರದ ಮನೆಕೆಲಸ ಕೊಟ್ಟೆ. ದಿನಕ್ಕೆ ಎಷ್ಟು ಸಲ ಫೋನು ಮುಟ್ಟುತ್ತೀರಿ ಎಂದು ಗೀಟು ಹಾಕಿಕೊಂಡು ಬನ್ನಿ ಎಂದೆ. ನೂರು, ನೂರಿಪ್ಪತ್ತು, ಒಬ್ಬನದು ಇನ್ನೂರ ಹತ್ತು. ಮೂರನೆಯ ಬೆಂಚಿನ ಒಬ್ಬಳದು ಮಾತ್ರ ಹನ್ನೊಂದು.

“ಏನಮ್ಮಾ, ಸುಳ್ಳ್ ಬರೆದಿದ್ದೀಯಾ?” ಎಂದೆ.

“ಇಲ್ಲ ಸರ್. ಬಾಶೆಟ್ಟಿಹಳ್ಳಿಲಿ ಫ್ಯಾಕ್ಟ್ರಿಗೆ ಹೋಗ್ತೀನಿ, ಸೆಕೆಂಡ್ ಶಿಫ್ಟು. ಗೇಟಲ್ಲೇ ಫೋನ್ ಇಸ್ಕೊಂಡ್ ಬಿಡ್ತಾರೆ. ಎರಡರಿಂದ ಹತ್ತರ್ ತನ್ಕ ಸಿಗಲ್ಲ.”

“ಯಾಕೆ ಇಸ್ಕೊಳ್ತಾರೆ?”

“ಚೆಕಿಂಗ್ ಕೆಲ್ಸ ಸರ್ ನಂದು. ಕಣ್ಣು ಆಕಡೆ ಈಕಡೆ ಹೋದ್ರೆ ಕೆಟ್ಟ ಪೀಸ್ ಪಾಸಾಗ್ಬಿಡುತ್ತಂತೆ.”

ಹಿಂದಿನ ಬೆಂಚಿನವನು “ಸರ್, ನಮ್ ಕಾಲೇಜಲ್ಲೂ ಗೇಟಲ್ಲಿ ಇಸ್ಕೊಳ್ರಿ, ಸರ್‌ಗಳ್ದೂ ಸೇರ್ಸಿ” ಎಂದ. ಎಲ್ಲರೂ ನಕ್ಕರು. ಬೋರ್ಡಿನ ಕಡೆ ತಿರುಗಿದಾಗ ನನ್ನ ಕೈ ಅವರಿಗೆ ಕಾಣುತ್ತಿತ್ತು ಎಂದು ಆವತ್ತು ತಿಳಿಯಿತು.

ಅವಳು ಒಂಬತ್ತೂವರೆಗೆ ಬಂದು ಒಂದು ಗಂಟೆಯವರೆಗೆ ಪಾಠ ಕೇಳಿ, ಒಂದೂವರೆಗೆ ಗೇಟಿನ ಮುಂದೆ ಬರುವ ಕಂಪನಿಯ ಬಸ್ಸು ಹತ್ತುತ್ತಿದ್ದಳು. ಮೂರು ವರ್ಷ ಹಾಗೇ. ಕೊನೆಯ ಸೆಮಿಸ್ಟರಿನಲ್ಲಿ ಒಂದು ದಿನ ಬಂದು ಹೇಳಿದಳು. ಫ್ಯಾಕ್ಟರಿಯ ಗುಣಮಟ್ಟ ವಿಭಾಗದಲ್ಲಿ ದಾಖಲೆ ಬರೆಯುವ ಒಂದು ಜಾಗ ಖಾಲಿಯಾಗುತ್ತಿದೆ, ಲೈನಿನಲ್ಲಿ ನಿಂತು ಕೆಲಸ ಮಾಡುವವರಲ್ಲೇ ಡಿಗ್ರಿ ಆದವರನ್ನು ತೆಗೆದುಕೊಳ್ಳುತ್ತಾರೆ, ಆಗಸ್ಟ್ ಕೊನೆಯೊಳಗೆ ಮಾರ್ಕ್ಸ್ ಕಾರ್ಡ್ ಕೊಡಬೇಕು.

“ಕೂತ್ಕೊಂಡ್ ಮಾಡೋ ಕೆಲ್ಸ ಸರ್. ಬೆಳಗ್ಗಿನ್ ಶಿಫ್ಟು” ಎಂದಳು. ಎಂಟು ಗಂಟೆ ನಿಂತುಕೊಂಡು, ದೀಪದ ಕೆಳಗೆ ಬೆರಳಿನ ಉಗುರಿನಷ್ಟಿರುವ ಬಿಡಿಭಾಗ ನೋಡುವವಳು ಹೇಳಿದ ಆ ‘ಕೂತ್ಕೊಂಡ್’ ಎಂಬುದು ನನ್ನ ಕಿವಿಯಲ್ಲಿ ಉಳಿಯಿತು. ‘ಇತರೆ’ಯಲ್ಲಿ ಬರೆದುಕೊಂಡೆ.

ಅವಳಿಗೆ ಕಷ್ಟವೇನೂ ಇರಲಿಲ್ಲ. ನನ್ನ ವಿಷಯದ ಆಂತರಿಕ ಪರೀಕ್ಷೆಯಲ್ಲಿ ನಲವತ್ತಕ್ಕೆ ಮೂವತ್ತನಾಲ್ಕು ತೆಗೆದಿದ್ದಳು.

ಆಂತರಿಕ ಅಂಕ ಮುಂದೆ ಹೋಗುವ ಬಗೆ ಹೀಗೆ. ನಾವು ಹಾಳೆಯಲ್ಲಿ ಕೈಬರಹದಲ್ಲಿ ಬರೆದು ಸಹಿ ಹಾಕಿ ಮುಖ್ಯಸ್ಥರಿಗೆ ಕೊಡುತ್ತೇವೆ. ಅವರು ವಿಶ್ವವಿದ್ಯಾಲಯದ ಪೋರ್ಟಲ್ಲಿನಲ್ಲಿ ತುಂಬುತ್ತಾರೆ. ತುಂಬಿದ ಪಟ್ಟಿಯನ್ನು ಪ್ರಿಂಟು ತೆಗೆದು, ನಾವು ಒಂದೊಂದೇ ಸಾಲಿಗೆ ಟಿಕ್ ಹಾಕಿ ಮತ್ತೆ ಸಹಿ ಮಾಡಬೇಕು. ಹಿಂದೆ ಹಾಗೇ ಇತ್ತಂತೆ. ಈಗ ಪಟ್ಟಿಯನ್ನು ಗ್ರೂಪಿಗೆ ಹಾಕುತ್ತಾರೆ. ‘ಪರಿಶೀಲಿಸಿ, ತಪ್ಪಿದ್ದರೆ ಸಂಜೆ ಐದರೊಳಗೆ ತಿಳಿಸಿ, ನಂತರ ಲಾಕ್ ಆಗುತ್ತದೆ’ ಎಂದು ಕೆಳಗೆ ಬರೆಯುತ್ತಾರೆ. ವಿದ್ಯಾರ್ಥಿಗಳ ಗ್ರೂಪಿಗೂ ಅದೇ ಪಟ್ಟಿ ಹೋಗುತ್ತದೆ. ಉಪನ್ಯಾಸಕರ ಕೈಮುಗಿದ ಚಿಹ್ನೆಯೇ ಸಹಿ.

ಆ ಪಟ್ಟಿ ಬಂದ ದಿನ ಕಾಲೇಜಿನಲ್ಲಿ ಪರಿಸರ ದಿನದ ಕಾರ್ಯಕ್ರಮವಿತ್ತು. ಪ್ರಾಂಶುಪಾಲರು ಹೊಂಗೆ ಸಸಿ ನೆಟ್ಟು ನೀರು ಹಾಕಿದರು. ಫೋಟೋದಲ್ಲಿ ಸ್ಥಳದ ಹೆಸರು ಮೂಡಲಿಲ್ಲ, ನೆಟ್‌ವರ್ಕು ಇರಲಿಲ್ಲ. ಇನ್ನೊಮ್ಮೆ ನೀರು ಹಾಕಿದರು. ಬ್ಯಾನರು ಅರ್ಧ ಮಡಚಿಕೊಂಡಿತ್ತು. ಮೂರನೆಯ ಸಲ ನೀರು ಹಾಕುವಾಗ ಸಸಿಯ ಬುಡದಲ್ಲಿ ಮಣ್ಣು ಕೆಸರಾಗಿ ಸಸಿ ವಾಲಿತು. “ಯಾರಾದ್ರೂ ಹಿಡ್ಕೊಳ್ರೀ ಅದನ್ನ, ಕೈ ಕಾಣ್ದಂಗೆ” ಎಂದರು. ಮುಖ್ಯಸ್ಥರೇ ಬಗ್ಗಿ ಹಿಡಿದುಕೊಂಡರು.

ಮಧ್ಯಾಹ್ನ ಎರಡೂ ನಲವತ್ತಕ್ಕೆ ಅಂಕಗಳ ಪಟ್ಟಿ ಬಂತು. ನಾನು ಫೋಟೋಕ್ಕೆ ಬರಹ ಸೇರಿಸುತ್ತಿದ್ದೆ. ಮೇಲಿನಿಂದ ಮೆಸೇಜು ಇಳಿದದ್ದನ್ನು ಕಂಡೆ, ತೆರೆದೆ, ಎಂಟು ಪುಟ ಎಂದು ನೋಡಿದೆ, ಆಮೇಲೆ ಓದೋಣ ಎಂದು ಕೈಮುಗಿದೆ. ಮತ್ತೆ ಫೋಟೋಕ್ಕೆ ಹೋದೆ. ಆ ದಿನದ ಫೋಟೋಕ್ಕೆ ಅಷ್ಟು ದಿನಗಳಲ್ಲೇ ಅತಿ ಹೆಚ್ಚು ಹೃದಯ ಬಂತು. ಆವತ್ತಿನ ಸಾಲು ಈಗಲೂ ನೋಟ್‌ಬುಕ್ಕಿನಲ್ಲಿದೆ: ಪೀರಿಯಡ್ಡು ಒಂದು, ಫೋನು ಅರವತ್ತೊಂದು, ಕೈಮುಗಿದದ್ದು ಹದಿನೇಳು. ಯಾವುದಕ್ಕೆ ಕೈಮುಗಿದೆ ಎಂದು ಬರೆಯುವ ಅಂಕಣ ನಾನು ಮಾಡಿರಲಿಲ್ಲ.

ಫಲಿತಾಂಶ ಬಂದದ್ದು ಜುಲೈ ಕೊನೆಯ ವಾರ. ಮರುದಿನ ಬೆಳಿಗ್ಗೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ.

“ಸರ್, ನಂದು ತಡೆಹಿಡಿಯಲಾಗಿದೆ ಅಂತ ಬಂದೈತೆ. ನಿಮ್ ಸಬ್ಜೆಕ್ಟಲ್ಲಿ ಇಂಟರ್ನಲ್ಸ್ ಗೈರು ಅಂತೆ. ನಾನ್ ಬರ್ದಿದ್ನಲ್ಲ ಸರ್?”

“ಬರ್ದಿದ್ದೀಯ. ಮೂವತ್ತ್ನಾಲ್ಕು.”

“ಹ್ಞೂಂ ಸರ್. ನೀವೇ ಕ್ಲಾಸಲ್ಲಿ ಓದಿದ್ರಿ.”

ಗ್ರೂಪಿನಲ್ಲಿ ಹಿಂದಕ್ಕೆ ಹೋಗತೊಡಗಿದೆ. ಎಷ್ಟು ಹೂವು, ಎಷ್ಟು ಕೇಕು, ಯಾರದೋ ಮಗಳ ನಾಮಕರಣ, ನನ್ನವೇ ಲಿಂಕುಗಳು. ಬೆರಳು ನೋಯುವಷ್ಟು ಎಳೆದ ಮೇಲೆ ಪಟ್ಟಿ ಸಿಕ್ಕಿತು. ಆರನೆಯ ಪುಟ. ಅವಳ ಹೆಸರಿನ ಮುಂದೆ ‘ಗೈರು’. ಅವಳ ಕೆಳಗಿನ ಸಾಲಿನ ಹುಡುಗ ನಿಜಕ್ಕೂ ಪರೀಕ್ಷೆಗೆ ಬಂದಿರಲಿಲ್ಲ, ಅವನ ಮುಂದೆ ಮೂವತ್ತನಾಲ್ಕು ಇತ್ತು. ಇಬ್ಬರ ಸಾಲು ಅದಲುಬದಲಾಗಿತ್ತು. ಪಟ್ಟಿಯ ಕೆಳಗೆ ಸಾಲಾಗಿ ಕೈಗಳು, ಅವುಗಳಲ್ಲಿ ಎರಡನೆಯದು ನನ್ನದು. ಎರಡೂ ನಲವತ್ತಾರು.

“ನೀನು ಗ್ರೂಪಲ್ಲಿ ನೋಡ್ಲಿಲ್ವಾ?” ಎಂದು ಕೇಳಿಬಿಟ್ಟೆ. ಕೇಳಿದ ತಕ್ಷಣ ನಾಲಿಗೆ ಕಚ್ಚಿಕೊಂಡೆ.

“ಫೋನ್ ಗೇಟಲ್ಲಿತ್ತಲ್ಲ ಸರ್” ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಗೊತ್ತಿರಲಿ ಎಂದು ಹೇಳಿದಳು.

ಮುಖ್ಯಸ್ಥರು ನನ್ನ ಕೈಬರಹದ ಹಾಳೆ ಹುಡುಕಿ ತೆಗೆದರು. ಕನ್ನಡಕ ಹಣೆಯಿಂದ ಮೂಗಿಗಿಳಿಯಿತು. ಬಹಳ ಹೊತ್ತು ನೋಡಿದರು. “ಆವತ್ತು ಒಂದ್ ಕೈಲಿ ಮೌಸು, ಒಂದ್ ಕೈಲಿ ಫೋನು ಕಣಪ್ಪಾ” ಎಂದರು. “ಸಸಿ ನೆಡೋದಕ್ಕೆ ಯಾರ್ಯಾರು ಬಂದಿಲ್ಲ ಹೆಸರು ಕಳ್ಸಿ ಅಂತ ಪ್ರಿನ್ಸಿಪಾಲ್ರು ಕೇಳ್ತಾನೇ ಇದ್ರು. ಮೂವತ್ತು ವರ್ಷದ್ ಸರ್ವೀಸಲ್ಲಿ ಒಂದ್ ಅಂಕ ತಪ್ಪಿರ್ಲಿಲ್ಲ.” ಅವರ ಧ್ವನಿ ಕೇಳಿ ಅವರನ್ನು ಬೈಯಬೇಕು ಅನ್ನಿಸಲಿಲ್ಲ. ಬೈಯುವ ಜಾಗದಲ್ಲಿ ನಾನೂ ಇರಲಿಲ್ಲ.

ಪ್ರಾಂಶುಪಾಲರ ಹತ್ತಿರ ಹೋದೆವು.

“ನೀವು ಕೈಮುಗ್ದಿದ್ದೀರಲ್ರೀ” ಎಂದರು ನನಗೆ.

“ಹೌದು ಸರ್. ಓದದೇ ಮುಗಿದೆ.”

“ಓದದೇ ಮುಗಿದೆ ಅಂತ ಪತ್ರದಲ್ ಬರೆಯಕ್ಕಾಗುತ್ತಾ?”

ನಾನು ಬರೆಯುತ್ತೇನೆ ಎಂದೆ. ಅವರು ಬೇಡವೆಂಬಂತೆ ಕೈಯಾಡಿಸಿದರು. “ನೀವ್ ಬರೆದ್ರೆ ಕೇಳೋದ್ ನನ್ನ. ಮುಂದಿನ್ ಪಟ್ಟೀಲಿ ನಿಮ್ ಹೆಸರು ಬೇಡ್ವಾ?” ಹೆದರಿಸಲು ಹೇಳಿದ ಮಾತಲ್ಲ ಅದು. ನಿಜಕ್ಕೂ ನನ್ನ ಚಿಂತೆಯಿಂದ ಕೇಳಿದ ಹಾಗಿತ್ತು. ಕೊನೆಗೆ ‘ತಾಂತ್ರಿಕ ಕಾರಣದಿಂದ’ ಎಂದು ಪತ್ರ ತಯಾರಾಯಿತು. ಹಾಳೆಯ ಜೆರಾಕ್ಸು ಲಗತ್ತಿಸಿದೆವು.

ಆ ಪತ್ರ ಹಿಡಿದು ನಾನೇ ವಿಶ್ವವಿದ್ಯಾಲಯಕ್ಕೆ ಹೋದೆ. ಆಗಸ್ಟಿನಲ್ಲಿ ಒಟ್ಟು ಐದು ಸಲ ಹೋಗಿ ಬಂದೆ. ಕೌಂಟರಿನಲ್ಲಿದ್ದ ಮೇಡಂ ಮೊದಲ ದಿನವೇ ಎಲ್ಲವನ್ನೂ ಸರಿಯಾಗಿ ಓದಿದರು. ಓದಿದವರನ್ನು ನೋಡಿ ನನಗೆ ನೆಮ್ಮದಿಯಾಯಿತು.

“ಪಾಪ, ಹುಡ್ಗೀದೇನೂ ತಪ್ಪಿಲ್ಲ” ಎಂದರು. “ಆದ್ರೆ ನಾನ್ ಏನೂ ಮಾಡಕ್ಕಾಗಲ್ಲ ಸರ್. ಲಾಕ್ ಆಗಿದೆ. ತಿದ್ದುಪಡಿಗೆ ಪೋರ್ಟಲ್ ಓಪನ್ ಮಾಡಿದಾಗ ನಿಮ್ ಕಾಲೇಜಿನ ಲಾಗಿನ್ನಲ್ಲೇ ತಿದ್ದಬೇಕು.”

“ಯಾವಾಗ ತೆಗೀತಾರೆ ಮೇಡಂ?”

“ಪ್ರಿನ್ಸಿಪಾಲರ ಗ್ರೂಪಿಗೆ ಹಾಕ್ತಾರೆ ಸರ್.”

ಪ್ರಾಂಶುಪಾಲರ ಆ ಗ್ರೂಪಿನಲ್ಲಿ ನಾನಿರಲಿಲ್ಲ. ಹದಿನೈದನೆಯದು. ಜೀವನದಲ್ಲಿ ಮೊದಲ ಸಲ ಒಂದು ಗ್ರೂಪಿಗೆ ಸೇರಬೇಕು ಅನ್ನಿಸಿತು.

ದಿನಾ ಬೆಳಿಗ್ಗೆ ಪ್ರಾಂಶುಪಾಲರ ಕೋಣೆಗೆ ಹೋಗಿ ಕೇಳುತ್ತಿದ್ದೆ. “ಬಂದಿಲ್ಲಪ್ಪಾ, ಬಂದ್ರೆ ಹೇಳಲ್ವಾ?” ಅನ್ನುತ್ತಿದ್ದರು. ಅವಳು ವಾರಕ್ಕೆರಡು ಸಲ ಬರುತ್ತಿದ್ದಳು. ಪಾಠ ಮುಗಿದಿತ್ತು, ಆದರೂ ಅದೇ ಒಂದೂವರೆ ಬಸ್ಸಿಗೆ ಮೊದಲು ಬಂದು ಬಾಗಿಲಲ್ಲಿ ನಿಂತು, “ಏನಾದ್ರೂ ಆಯ್ತಾ ಸರ್?” ಎಂದು ಕೇಳುತ್ತಿದ್ದಳು. “ಆಗುತ್ತಮ್ಮಾ” ಎನ್ನುತ್ತಿದ್ದೆ. ಇಷ್ಟು ಸಲ ಹಾಗಂದೆ ಎಂದು ಗೀಟು ಹಾಕುವುದನ್ನು ಮೂರನೆಯ ಸಲಕ್ಕೆ ನಿಲ್ಲಿಸಿದೆ.

ಒಂದು ದಿನ ಸಂಜೆ ಹಾಲು ಕರೆಯುತ್ತಿದ್ದ ಅಮ್ಮ ಕೇಳಿದಳು. “ಏನ್ಲಾ, ವಾರದಿಂದ ಮಾತಿಲ್ಲ ಕತೆಯಿಲ್ಲ?” ವಿಷಯ ಹೇಳಿದೆ. “ಡೇರೀಲಿ ತಪ್ಪ್ ಬರ್ಕೊಂಡ್ರೆ ಅಲ್ಲೇ ನಿಂತ್ಕೊಂಡ್ ತಿದ್ದುಸ್ಕೊಂಡ್ ಬರ್ತಿದ್ದೆ ನಾನು. ಇದನ್ನ ಎಲ್ ನಿಂತ್ಕೊಂಡ್ ತಿದ್ದುಸ್ತೀಯ?” ಎಂದಳು. ಎಲ್ಲಿ ನಿಲ್ಲಬೇಕು ಎಂದೇ ಗೊತ್ತಿರಲಿಲ್ಲ.

ಆಗಸ್ಟ್ ಇಪ್ಪತ್ತಾರರ ಸುಮಾರಿಗೆ ಐದನೆಯ ಸಲ ಕೌಂಟರಿಗೆ ಹೋದಾಗ ಮೇಡಂ ನನ್ನ ಮುಖ ನೋಡಿ ಹುಬ್ಬು ಗಂಟಿಕ್ಕಿದರು.

“ಇನ್ನೂ ಮಾಡ್ಸಿಲ್ವಾ? ಹೋದ್ ವಾರ ಎರಡ್ ದಿನ ಓಪನ್ ಮಾಡಿದ್ರಲ್ಲ ಸರ್!”

ಬೈಕನ್ನು ಹೇಗೆ ಓಡಿಸಿಕೊಂಡು ಬಂದೆನೋ ನೆನಪಿಲ್ಲ. ಪ್ರಾಂಶುಪಾಲರು ತಮ್ಮ ಫೋನನ್ನು ಮೇಜಿನ ಮೇಲಿಟ್ಟು ಆ ಗ್ರೂಪಿನ ಮೆಸೇಜುಗಳನ್ನು ಹಿಂದಕ್ಕೆ ಎಳೆದರು. ನಾನು ಎದುರಿಗೆ ನಿಂತು ತಲೆಕೆಳಗಾಗಿ ನೋಡುತ್ತಿದ್ದೆ. ಅಲ್ಲಿಯೂ ಹೂವು, ಅಲ್ಲಿಯೂ ಕೇಕು. ಮಂಗಳವಾರ ಹನ್ನೊಂದು ಗಂಟೆಗೆ ಸೂಚನೆ: ತಿದ್ದುಪಡಿಗೆ ಎರಡು ದಿನ ಅವಕಾಶ. ಅದರ ಕೆಳಗೆ ನಲವತ್ತು ಐವತ್ತು ಕಾಲೇಜುಗಳ ಪ್ರಾಂಶುಪಾಲರು ಕೈಮುಗಿದಿದ್ದರು. ನಮ್ಮವರು ಹನ್ನೊಂದು ಗಂಟೆ ಎರಡು ನಿಮಿಷಕ್ಕೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆವತ್ತು ತಪಾಸಣೆ ತಂಡ ಬರೋದಿತ್ತಲ್ಲಪ್ಪಾ. ಐದ್ ವರ್ಷದ್ ಫೋಟೋ ಕೇಳಿದ್ರು. ನಾನೂ ಮೇಲಿನೋರಿಗೆ ಲೇಟ್ ಮಾಡಂಗಿಲ್ಲ, ಹೆಸರು ಓದ್ತಾರೆ.”

ಅವರ ಹೆಸರನ್ನೂ ಯಾರೋ ಎಲ್ಲೋ ಓದುತ್ತಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಸಿಟ್ಟು ಮಾಡಲು ಒಬ್ಬ ಮನುಷ್ಯ ಸಿಕ್ಕಿದ ಎಂದು ಬಂದವನಿಗೆ ಆ ಮನುಷ್ಯನೂ ಕೈತಪ್ಪಿದ.

“ಇನ್ನೊಂದು ಪತ್ರ ಬರೀತೀನಿ. ಮುಂದಿನ್ ಸಲ ಓಪನ್ ಆದಾಗ ನಾನೇ ಕೂತು ಮಾಡುಸ್ತೀನಿ” ಎಂದರು.

“ಈ ತಿಂಗಳ ಕೊನೆಗೆ ಅವಳಿಗೆ ಕಾರ್ಡು ಬೇಕು ಸರ್.”

“ಈ ತಿಂಗಳು ಎಲ್ಲಾಗುತ್ತೆ?” ಎಂದರು, ನನ್ನನ್ನೇ ಕೇಳುವವರ ಹಾಗೆ.

ಮರುದಿನ ಒಂದು ಬಿಳಿ ಹಾಳೆಯಲ್ಲಿ ನಾನೇ ಬರೆದೆ. ಈ ವಿದ್ಯಾರ್ಥಿನಿ ಪರೀಕ್ಷೆ ಬರೆದಿದ್ದಾಳೆ, ಮೂವತ್ತನಾಲ್ಕು ಅಂಕ ಪಡೆದಿದ್ದಾಳೆ, ತಪ್ಪು ನಮ್ಮದು, ಅಂಕಪಟ್ಟಿ ಬರುವವರೆಗೆ ದಯವಿಟ್ಟು ಕಾಯಬೇಕು. ಕಾಲೇಜಿನ ಮುದ್ರೆ ಕೇಳಿದೆ. ಮುಖ್ಯಸ್ಥರು ನನ್ನ ಭುಜದ ಮೇಲೆ ಕೈಯಿಟ್ಟು, “ಅತಿಥಿ ಪತ್ರಕ್ಕೆ ಸೀಲ್ ಹಾಕಂಗಿಲ್ಲ ಗುರು” ಎಂದರು. ಅವರು ನನ್ನನ್ನು ಗುರು ಎಂದಿದ್ದು ಅದೊಂದೇ ಸಲ.

ಪತ್ರವನ್ನು ಅವಳ ಕೈಗೆ ಕೊಡದೆ ಬಾಶೆಟ್ಟಿಹಳ್ಳಿಗೆ ನಾನೇ ಹೋದೆ. ಫ್ಯಾಕ್ಟರಿಯ ಗೇಟಿನಲ್ಲಿ ಕಾವಲಿನವರು ಮೊದಲು ಕೇಳಿದ್ದು ಫೋನು. ಮರದ ಗೂಡಿನಂಥ ಪೆಟ್ಟಿಗೆಯೊಳಗೆ ಇಟ್ಟು ತಗಡಿನ ಬಿಲ್ಲೆ ಕೊಟ್ಟರು. ಒಳಗೆ ಸಿಬ್ಬಂದಿ ವಿಭಾಗದಲ್ಲಿ ಅರ್ಧ ಗಂಟೆ ಕಾಯಿಸಿದರು. ಆ ಅರ್ಧ ಗಂಟೆಯಲ್ಲಿ ನನ್ನ ಕೈ ಖಾಲಿ ಜೇಬಿಗೆ ಹೋಗಿ ಬಂದದ್ದನ್ನು ಎಣಿಸಿದೆ. ಹದಿಮೂರು ಸಲ. ಗಾಜಿನ ಆಚೆ ಸಾಲಾಗಿ ಹೆಣ್ಣುಮಕ್ಕಳು ನಿಂತು ದೀಪದ ಕೆಳಗೆ ಬಗ್ಗಿದ್ದರು. ಟೋಪಿ ಹಾಕಿದ್ದರಿಂದ ಅವಳು ಯಾರೆಂದು ಗೊತ್ತಾಗಲಿಲ್ಲ. ಒಬ್ಬಳೂ ತಲೆ ಎತ್ತಲಿಲ್ಲ.

ಅಧಿಕಾರಿ ನನ್ನ ವಯಸ್ಸಿನವನೇ. ಮರ್ಯಾದೆಯಿಂದ ಕೂರಿಸಿದ. ಪತ್ರ ಓದಿ, ಹಾಳೆ ತಿರುಗಿಸಿ ಹಿಂದೆ ನೋಡಿದ.

“ಸರ್, ಇದ್ರಲ್ಲಿ ಸೀಲ್ ಇಲ್ವಲ್ಲ?”

“ಕೊಡಲ್ಲ ಅಂದ್ರು. ನಾನೇ ಪಾಠ ಮಾಡಿದ್ದು, ನಾನೇ ಪೇಪರ್ ನೋಡಿದ್ದು.”

“ನೀವ್ ಹೇಳ್ತಿರೋದು ನಿಜಾನೇ ಇರುತ್ತೆ ಸರ್. ಆದ್ರೆ ನಮ್ಮಲ್ಲಿ ನೋಡಿದೀನಿ ಅಂತ ಒಬ್ರು ಹೇಳಿದ್ರೆ ಇನ್ನೊಬ್ರು ಮತ್ತೆ ನೋಡ್ಬೇಕು, ಆಮೇಲೇ ಪಾಸು. ನಾನು ಏನ್ ನೋಡ್ಲಿ? ಸೈಟಲ್ಲಿ ಗೈರು ಅಂತಿದೆ.”

“ಎರಡು ತಿಂಗಳು ಕಾಯಕ್ಕಾಗಲ್ವಾ?”

“ಮೂವತ್ತೊಂದಕ್ಕೆ ಪಟ್ಟಿ ಕಳಿಸ್ಬೇಕು ಸರ್. ಒಳ್ಳೇ ಹುಡ್ಗಿ ಅವ್ಳು. ಮೂರ್ ವರ್ಷದಲ್ಲಿ ಅವ್ಳ್ ಕೈಯಿಂದ ಒಂದು ಕೆಟ್ಟ ಪೀಸ್ ಹೋಗಿಲ್ಲ.”

ಪತ್ರ ಮಡಚಿಕೊಂಡು ಗೇಟಿಗೆ ಬಂದೆ. ಬಿಲ್ಲೆ ಕೊಟ್ಟು ಫೋನು ತೆಗೆದುಕೊಂಡೆ. ಎಂಬತ್ತಮೂರು ಮೆಸೇಜು ಬಂದಿತ್ತು. ಗೇಟಿನ ಮುಂದೆ, ಲಾರಿಯ ಧೂಳಿನಲ್ಲಿ ನಿಂತು, ಮೇಲಿನಿಂದ ಕೆಳಗಿನವರೆಗೆ ಕೈಮುಗಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಆ ಜಾಗ ದಾಬಸ್‌ಪೇಟೆಯ ಕಡೆಯಿಂದ ಬರುತ್ತಿದ್ದ ಇನ್ನೊಬ್ಬ ಹುಡುಗಿಗೆ ಹೋಯಿತು. ಇದನ್ನು ನನ್ನ ವಿದ್ಯಾರ್ಥಿನಿಯೇ ಬಂದು ಹೇಳಿದಳು. “ಅವ್ಳೂ ಪಾಪ ನಾಕ್ ವರ್ಷದಿಂದ ನಿಂತ್ಕೊಂಡೇ ಇದ್ಲು ಸರ್” ಎಂದಳು. ನನಗೆ ಸಮಾಧಾನ ಹೇಳಲು ಹಾಗಂದಳೋ, ತನಗೆ ಹೇಳಿಕೊಂಡಳೋ ತಿಳಿಯಲಿಲ್ಲ. ಮತ್ತೆ ಜಾಗ ಯಾವಾಗ ಖಾಲಿಯಾಗುತ್ತದೆ ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಆ ದಿನ ನಾನು ಅವಳಿಗೆ ಕ್ಷಮಿಸು ಎಂದೆ. ಉಪನ್ಯಾಸಕರು ಹಾಗೆಲ್ಲ ಅನ್ನಬಾರದು ಎಂಬಂತೆ ಅವಳು ಗಾಬರಿಯಿಂದ ಆಚೀಚೆ ನೋಡಿ, “ಇರ್ಲಿ ಬಿಡಿ ಸರ್, ಬಸ್ ಬಂತು” ಎಂದು ಓಡಿದಳು. ಬಸ್ಸು ಇನ್ನೂ ಬಂದಿರಲಿಲ್ಲ.

ಸೆಪ್ಟೆಂಬರಿನಲ್ಲಿ ನಾನು ಕೆಲವು ನಿಯಮ ಮಾಡಿಕೊಂಡೆ. ಪಾಠದ ಹೊತ್ತಿನಲ್ಲಿ ಫೋನನ್ನು ಬೀರುವಿನಲ್ಲಿಟ್ಟೆ. ಓದದೆ ಕೈಮುಗಿಯುವುದಿಲ್ಲ ಎಂದುಕೊಂಡೆ. ನಾಲ್ಕು ದಿನ ನಡೆಯಿತು. ಐದನೆಯ ದಿನ, ಶನಿವಾರದ ಸಭೆಯಲ್ಲಿ, ನನ್ನ ಹೆಸರು ಮೂರು ಸಲ ಓದಿದರು. ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆಯ ಪಟ್ಟಿ ಬಂದಿದ್ದು ಗೊತ್ತಾಗದೆ ನಾನು ಒಂದು ಕೊಠಡಿಗೆ ಹೋಗಿರಲಿಲ್ಲ. ಇಪ್ಪತ್ತು ನಿಮಿಷ ಮಕ್ಕಳು ಪ್ರಶ್ನೆಪತ್ರಿಕೆಯಿಲ್ಲದೆ ಕೂತಿದ್ದರು. ನೋಡಿದರೂ ತಪ್ಪು, ನೋಡದಿದ್ದರೂ ತಪ್ಪು. “ಲೇ, ನೀನ್ ಒಬ್ನೇ ಸರಿಹೋದ್ರೆ ಏನಾಗುತ್ತೋ?” ಎಂದ ನೆಲಮಂಗಲದ ಗೆಳೆಯ. ಸೋಮವಾರದಿಂದ ಫೋನು ಮತ್ತೆ ಜೇಬಿಗೆ ಬಂತು. ಮೂರನೆಯ ಅಂಕಣ ಆ ವಾರ ಎಪ್ಪತ್ತು ದಾಟಿತು.

ಪೋರ್ಟಲ್ಲು ಮತ್ತೆ ತೆರೆದದ್ದು ಅಕ್ಟೋಬರಿನಲ್ಲಿ. ಪ್ರಾಂಶುಪಾಲರು ಮಾತಿಗೆ ತಪ್ಪಲಿಲ್ಲ, ತಾವೇ ಪಕ್ಕದಲ್ಲಿ ಕೂತು ಮಾಡಿಸಿದರು. ‘ಗೈರು’ ಕೆಳಗಿನ ಸಾಲಿಗೆ ಹೋಗಿ ಅವಳ ಸಾಲಿಗೆ ಮೂವತ್ತನಾಲ್ಕು ಬಂತು. ಕಂಪ್ಯೂಟರಿನಲ್ಲಿ ಅದಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ. ನವೆಂಬರ್ ಎರಡನೆಯ ವಾರ ಅಂಕಪಟ್ಟಿ ಕೈಗೆ ಸಿಕ್ಕಿತು. ಪ್ರಥಮ ದರ್ಜೆ.

ಅವಳಿಗೆ ಹೇಳಿ ಕಳಿಸಿದೆ. ಮಧ್ಯಾಹ್ನ ಒಂದು ಗಂಟೆಗೆ ಬಂದಳು. ಪ್ರಾಂಶುಪಾಲರು ತಮ್ಮ ಕೋಣೆಗೆ ಕರೆಸಿದರು, ಮುಖ್ಯಸ್ಥರನ್ನೂ ಕರೆಸಿದರು. ಅಂಕಪಟ್ಟಿ ಕೊಡುವ ಮೊದಲು ನನ್ನ ಕಡೆ ತಿರುಗಿದರು.

“ಒಂದ್ ಫೋಟೋ ತೆಗೀರಿ. ಪೇಜಿಗೆ ಹಾಕಿ. ವಿದ್ಯಾರ್ಥಿನಿಯ ಸಮಸ್ಯೆಗೆ ಸ್ಪಂದಿಸಿದ ಕಾಲೇಜು ಅಂತ. ನಾವೂ ಇಷ್ಟ್ ಓಡಾಡಿದೀವಿ, ಜನಕ್ಕೆ ಗೊತ್ತಾಗ್ಬೇಕಲ್ವಾ?”

ಅವರು ಓಡಾಡಿದ್ದು ಸುಳ್ಳಲ್ಲ. ಮುಖ್ಯಸ್ಥರು ಕಿಟಕಿಯ ಕಡೆ ನೋಡಿದರು. ಬೇಡ ಸರ್ ಎಂದು ನಾನು ಹೇಳಬೇಕಿತ್ತು. ಡಿಸೆಂಬರಿನಲ್ಲಿ ಅತಿಥಿಗಳ ಹೊಸ ಪಟ್ಟಿ ಬರುವುದಿತ್ತು. ಫೋನು ಎತ್ತಿ ಹಿಡಿದೆ.

ಪ್ರಾಂಶುಪಾಲರು ಅಂಕಪಟ್ಟಿಯ ಒಂದು ತುದಿ ಹಿಡಿದರು, ಅವಳು ಇನ್ನೊಂದು ತುದಿ. ಅವಳು ಪರದೆಯ ಆಚೆಯಿಂದ ನನ್ನನ್ನೇ ನೋಡಿದಳು.

“ನಗ್ಬೇಕಾ ಸರ್?” ಎಂದಳು.

ನಾನು ಪರದೆಯಲ್ಲಿ ಚೌಕಟ್ಟು ಸರಿಮಾಡಿಕೊಂಡೆ. ಅವಳು ನಕ್ಕಳು. ತೆಗೆದೆ. ಅಂಕಪಟ್ಟಿಯನ್ನು ಎರಡು ಮಡಿಕೆ ಮಾಡದೆ, ಹಾಗೇ ಅಗಲವಾಗಿ ಫೈಲಿನಲ್ಲಿಟ್ಟುಕೊಂಡು, ಎಲ್ಲರಿಗೂ ಬರ್ತೀನಿ ಎಂದು ಹೇಳಿ ಬಸ್ಸಿಗೆ ಹೋದಳು.

ಫೋಟೋವನ್ನು ಸಂಜೆಯವರೆಗೂ ಪೇಜಿಗೆ ಹಾಕಲಿಲ್ಲ. ಹಾಕುವುದಿಲ್ಲ ಎಂದೇ ಅಂದುಕೊಂಡಿದ್ದೆ. ನಾಲ್ಕು ಗಂಟೆಗೆ ‘ಲಿಂಕ್ ಬಂದಿಲ್ಲ’ ಎಂದು ಪ್ರಾಂಶುಪಾಲರು ಗ್ರೂಪಿನಲ್ಲಿ ಬರೆದರು. ಹನ್ನೆರಡು ಜನ ಅದಕ್ಕೂ ಕೈಮುಗಿದರು. ನಾಲ್ಕೂ ಹತ್ತಕ್ಕೆ ಹಾಕಿದೆ. ಆ ಹೊತ್ತಿಗೆ ಅವಳ ಫೋನು ಗೇಟಿನ ಪೆಟ್ಟಿಗೆಯಲ್ಲಿತ್ತು. ಹೃದಯಗಳು ಬರತೊಡಗಿದವು.